ಅಟ್ಟದ ಮೇಲಿನ ಹಾಡು

ತಿಪಟೂರು ಸೀಮೆಯ ಹಳೆಯ ಮನೆಯ ಅಟ್ಟ ಹತ್ತಿದವರಿಗೆ ಮೊದಲು ಸಿಗುವುದು ವಾಸನೆ, ಆಮೇಲೆ ಕತ್ತಲೆ, ಕಾಯಿ ಕಾಣುವುದು ಕೊನೆಗೆ. ಒಣಗಿದ ನಾರು, ಒಲೆಯ ಹೊಗೆ, ಎಣ್ಣೆಯ ಕಮಟು ಮೂರೂ ಬೆರೆತ ಆ ವಾಸನೆ ಅಂಗಿಗೆ ಅಂಟಿದರೆ ಸಂಜೆಯವರೆಗೂ ಬಿಡುವುದಿಲ್ಲ. ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ದೂಳು ಕುಣಿಯುತ್ತಿರುತ್ತದೆ. ಅದರ ಕೆಳಗೆ ಸಿಪ್ಪೆ ಬಿಡಿಸದ ಬಲಿತ ಕಾಯಿಗಳ ರಾಶಿ. ಹತ್ತು ಹನ್ನೆರಡು ತಿಂಗಳು ಅವು ಅಲ್ಲೇ ಬಿದ್ದಿರಬೇಕು. ಒಳಗಿನ ನೀರು ಇಂಗಬೇಕು, ತಿರುಳು ಚಿಪ್ಪು ಬಿಡಬೇಕು, ಆಗ ಅದು ಉಂಡೆ ಕೊಬ್ಬರಿ, ಗಿಟುಕು. ಆಗಿದೆಯೋ ಇಲ್ಲವೋ ಎಂದು ನೋಡಲು ಇಲ್ಲಿ ಯಾರೂ ಕಾಯಿ ಒಡೆಯುವುದಿಲ್ಲ. ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ. ಜುಳುಕ್ ಎಂದರೆ ಇನ್ನೂ ನೀರಿದೆ, ವಾಪಸು ರಾಶಿಗೆ. ಲೊಟಲೊಟ ಎಂದರೆ ಕೆಳಗಿಳಿಸಬಹುದು. ತಿಪಟೂರಿನ ಎಪಿಎಂಸಿಯ ಕೊಬ್ಬರಿ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂಬ ಹೆಸರು ಹೊತ್ತಿದೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಇಷ್ಟೆಲ್ಲ ವಹಿವಾಟು ಶುರುವಾಗುವುದು ಒಬ್ಬ ರೈತನ ಕಿವಿಯಿಂದ.

ಕಿವಿಯನ್ನು ಇಷ್ಟು ನೆಚ್ಚಿದ ಸೀಮೆಯಲ್ಲಿ ಅಟ್ಟದ ಇನ್ನೊಂದು ಮೂಲೆಗೂ ಒಂದು ಕಥೆ ಇರುತ್ತದೆ. ಹರಿದ ಕಂಬಳಿ, ಹಿಡಿ ಕಳೆದುಕೊಂಡ ಬೀಸುವ ಕಲ್ಲು, ಮದುವೆಗೆ ಬಳುವಳಿ ಬಂದ ಕಬ್ಬಿಣದ ಟ್ರಂಕು. ಅದರ ಪಕ್ಕ, ಬಾಗಿಲು ಮುರಿದ ಟೂ-ಇನ್-ಒನ್ ಮತ್ತು ಬಿಸ್ಕತ್ತಿನ ಡಬ್ಬದ ತುಂಬ ಕ್ಯಾಸೆಟ್ಟು. ಮಾದೇಶ್ವರನ ಪದ, ರಾಜ್‌ಕುಮಾರರ ಭಕ್ತಿಗೀತೆ, ಒಂದೆರಡು ಪೌರಾಣಿಕ ನಾಟಕ. ಅವುಗಳ ನಡುವೆ ಹೊದಿಕೆಯ ಬಣ್ಣ ಹಾರಿದ, ಪ್ಲಾಸ್ಟಿಕ್ಕು ಸೀಳಿದ, ಆದರೂ ಯಾರೂ ಎಸೆಯದ ಇನ್ನೊಂದು ಕ್ಯಾಸೆಟ್ಟು: ಶಿಶುನಾಳ ಶರೀಫರ ಪದಗಳು, ಸಿ. ಅಶ್ವಥ್ ಕಂಠದಲ್ಲಿ.

ಅಶ್ವಥ್ ಈ ಸೀಮೆಯವರೇ ಎನ್ನಲು ಅಡ್ಡಿಯಿಲ್ಲ. 1939ರ ಡಿಸೆಂಬರ್ 29ರಂದು ಹುಟ್ಟಿದ ಊರು ಚನ್ನರಾಯಪಟ್ಟಣ. ನಕ್ಷೆಯಲ್ಲಿ ಅದು ಹಾಸನ ಜಿಲ್ಲೆ, ತಿಪಟೂರು ತುಮಕೂರು ಜಿಲ್ಲೆ. ಆದರೆ ನುಗ್ಗೇಹಳ್ಳಿಯ ಮೇಲೆ ಹಾಯುವ ಬಸ್ಸಿನಲ್ಲಿ ಕೂತವರಿಗೆ ಜಿಲ್ಲೆ ಬದಲಾದದ್ದು ಎಲ್ಲಿ ಎಂದು ತಿಳಿಯುವುದಿಲ್ಲ. ಎರಡೂ ಕಡೆ ಅದೇ ತೆಂಗು, ಅದೇ ರಾಗಿ, ಅದೇ ಹೊಯ್ಸಳರ ಕಲ್ಲುಗುಡಿ, ಕೆರೆ ಏರಿಯ ಮೇಲೆ ಅದೇ ಊರಮ್ಮ. ಹುಡುಗ ಬೆಂಗಳೂರು ಸೇರಿದ, ದೇವಗಿರಿ ಶಂಕರ ಜೋಶಿಯವರಲ್ಲಿ ಹಿಂದೂಸ್ತಾನಿ ಕಲಿತ, ದೂರವಾಣಿ ತಯಾರಿಸುವ ಐಟಿಐ ಕಾರ್ಖಾನೆಯಲ್ಲಿ 27 ವರ್ಷ ನೌಕರಿ ಮಾಡಿದ. ಹಗಲೆಲ್ಲ ತಂತಿಯಲ್ಲಿ ದನಿ ಹಾಯಿಸುವವರ ನಡುವೆ ಕೂತವರು ಸಂಜೆ ಹಾರ್ಮೋನಿಯಂ ಎಳೆದುಕೊಂಡು ಕವಿತೆಗೆ ದನಿ ಹುಡುಕಿದರು. 1977ರ ‘ಕಾಕನಕೋಟೆ’ ಚಿತ್ರದಿಂದ ಸಂಗೀತ ನಿರ್ದೇಶಕರೆನಿಸಿಕೊಂಡರು. ಮರುವರ್ಷ, 1978ರಲ್ಲಿ, ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂತು. ಕವಿತೆಯನ್ನು ದುಡ್ಡು ಕೊಟ್ಟು ಕೊಂಡು ಮನೆಗೊಯ್ದು ಕೇಳಬಹುದು ಎಂಬುದು ಕನ್ನಡಿಗರಿಗೆ ಗೊತ್ತಾದದ್ದು ಆಗ. ಆ ದಾರಿಯಲ್ಲೇ ಎಂಬತ್ತರ ದಶಕದಲ್ಲಿ ಶರೀಫರು ಬಂದರು.

ಬಂದದ್ದು ಎಲ್ಲಿಂದ? ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಿಂದ. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಗೋವಿಂದಭಟ್ಟ. ಅವರ ಪದಗಳ ಮಾತು ಧಾರವಾಡದ ಕಡೆಯದು, ಬಿರುಸು, ಗತ್ತು, ಕೊನೆಗೊಂದು ಎಳೆತ. ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಬೀರೂರು, ಅರಸೀಕೆರೆ ದಾಟಿ ಬೆಂಗಳೂರಿಗೆ ಹೋಗುವ ರೈಲು ತಿಪಟೂರಿನ ತೋಟಗಳ ನಡುವೆಯೇ ಹಾಯುತ್ತದೆ. ಬಡಗಣದ ಆ ಪದಗಳು ಬೆಂಗಳೂರಿನ ಸ್ಟುಡಿಯೋ ಸೇರಿ, ತೆಂಕಣದ ಗಂಟಲೊಂದರಲ್ಲಿ ಹೊರಟು, ಕ್ಯಾಸೆಟ್ಟಾಗಿ ಅದೇ ಹಳಿಯ ಪಕ್ಕದ ಹಳ್ಳಿಗಳಿಗೆ ಹಿಂತಿರುಗಿದವು. ತೆಂಗಿನ ನಾಡಿನವರು ಹಾಡಿದರು, ತೆಂಗಿನ ನಾಡಿನವರು ಕೇಳಿದರು, ಹಾಡಿನಲ್ಲಿ ಮಾತ್ರ ಒಂದೂ ತೆಂಗಿನ ಮರವಿಲ್ಲ. ಈ ವಿಚಿತ್ರ ನನ್ನನ್ನು ಬಹಳ ದಿನ ಕಾಡಿದೆ.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ಬಿ.ಎಚ್. ರಸ್ತೆಯ ಸೈಕಲ್ ಶಾಪಿನಲ್ಲಿ, ತುರುವೇಕೆರೆಯ ಸಂತೆಯಲ್ಲಿ, ಕಾಯಿ ಹೊತ್ತು ಓಡುವ ಟ್ರ್ಯಾಕ್ಟರಿನಲ್ಲಿ ಆ ಪದಗಳು ಮೊಳಗಿದ ಕಾಲ ಈಗ ಐವತ್ತು ದಾಟಿದವರಿಗೆಲ್ಲ ನೆನಪಿದೆ. ಆದರೆ ಅಟ್ಟದ ಕೆಳಗೆ ಕೂತು ಕೇಳಿದರೆ ಅವುಗಳ ಅರ್ಥವೇ ಬೇರೆ. ಮನೆಯ ಮಾಳಿಗೆ ಸೋರುವ ಪದವನ್ನೇ ತೆಗೆದುಕೊಳ್ಳಿ. ಶರೀಫರ ಸೀಮೆಯಲ್ಲಿ ಮಾಳಿಗೆಯೆಂದರೆ ಮಣ್ಣು ಮೆತ್ತಿದ ಚಪ್ಪಟೆ ಸೂರು. ಮಳೆಗಾಲಕ್ಕೆ ಮೊದಲು ಮೇಲೆ ಹತ್ತಿ ಮಣ್ಣು ತುಳಿದು ಸರಿಮಾಡದಿದ್ದರೆ ಒಳಗೆ ಕೂರುವಂತಿಲ್ಲ. ಅಜ್ಞಾನದಿಂದ ಕೆಟ್ಟ ಮನೆ, ಸರಿಮಾಡುವವರಿಲ್ಲದ ಮನೆ ಎಂದು ಪದ ಬೆಳೆಯುತ್ತದೆ. ಕ್ಯಾಸೆಟ್ಟು ಕೊಂಡ ಪಟ್ಟಣದ ಕೇಳುಗರಿಗೆ ಅದು ದೇಹ, ಮಾಯೆ, ವೇದಾಂತ. ತಿಪಟೂರಿನ ರೈತನಿಗೆ ಅಷ್ಟು ದೂರ ಹೋಗಬೇಕಿರಲಿಲ್ಲ. ಒಂದು ಹೆಂಚು ಸರಿದು ಒಂದು ರಾತ್ರಿ ಅಟ್ಟ ಸೋರಿತೆಂದರೆ, ವರ್ಷವಿಡೀ ಕಾದ ಕಾಯಿಗೆ ಬೂಷ್ಟು ಹಿಡಿಯಿತು, ಕೊಬ್ಬರಿ ಕಪ್ಪಾಯಿತು, ಹರಾಜಿನಲ್ಲಿ ದರ ಬಿತ್ತು, ಮಗಳ ಮದುವೆ ಮುಂದಕ್ಕೆ ಹೋಯಿತು. ಅಶ್ವಥ್ ಆ ಪದವನ್ನು ಅವಸರವಿಲ್ಲದೆ, ಒಂದೊಂದು ಮಾತಿಗೂ ನಿಂತು ಹಾಡುತ್ತಾರೆ. ದನಿ ಏರುವಾಗ ಅದು ಬೋಧನೆಯಾಗಿ ಉಳಿಯುವುದಿಲ್ಲ, ಮಧ್ಯರಾತ್ರಿ ಎದ್ದು ಕೂತವನ ಕೂಗಾಗುತ್ತದೆ.

ಗುಡುಗುಡಿಯ ಪದಕ್ಕೆ ಇನ್ನೊಂದು ಬಗೆಯ ಮೋಜು. ಸೇದುವವನ ಗತ್ತೇ ಅದರ ತಾಳ. ಕಾಮಕ್ರೋಧಗಳನ್ನು ಸುಟ್ಟು ಬೂದಿ ಮಾಡು ಎಂಬ ಉಪದೇಶ ಕುಣಿಯುತ್ತ ಬರುತ್ತದೆ. ಜಗಲಿಯ ಮೇಲೆ ಬೀಡಿ ಹಚ್ಚಿ ಕೂತವರು ತಲೆದೂಗಿ ಇನ್ನೊಂದು ಬೀಡಿ ಹಚ್ಚುತ್ತಿದ್ದರು. ಶರೀಫರಿಗೆ ಇದರಿಂದ ಬೇಸರವಾಗುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಕೋಳಿ ಕೋತಿಯನ್ನು ನುಂಗುವ ಆ ಬೆಡಗಿನ ಪದವಂತೂ ಶಿವಮೊಗ್ಗ ಸುಬ್ಬಣ್ಣನವರ ಗಂಟಲಲ್ಲೂ ನಿಂತು, ಶಾಲೆಯ ಮಕ್ಕಳ ಬಾಯಿಗೂ ಬಿತ್ತು. ಅರ್ಥವಾಗದಿದ್ದರೂ ಅವರಿಗೆ ನಗು ಬಂತು, ಅಷ್ಟು ಸಾಕಾಯಿತು. ತಂಬೂರಿಯ ಪದ ಬೇರೆ. ನುಡಿಸಲು ಬಾರದವನು ತಂಬೂರಿ ಹಿಡಿಯಬಾರದೆಂದು ಗದರುವ ಆ ಪದದಲ್ಲಿ ಅಶ್ವಥ್ ತಾವೇ ಪರೀಕ್ಷೆಗೆ ಕೂತಂತೆ ಹಾಡುತ್ತಾರೆ.

ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು ತಂಗಿಗೆ ಅಳಬೇಡವೆಂದು ಹೇಳುವ ಪದ. ಗಂಡನ ಮನೆಗೆ ಹೊರಟವಳಿಗೆ ಸಮಾಧಾನ ಎಂದು ಮೇಲಿನ ಮಾತು, ಹೊರಟಿರುವುದು ಜೀವ ಎಂದು ಒಳಮಾತು. ಈ ಸೀಮೆಯ ಮದುವೆ ಮನೆಗಳಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿಗೆ ಸರಿಯಾಗಿ ಧ್ವನಿವರ್ಧಕದಲ್ಲಿ ಅದೇ ಬರುವುದನ್ನು ಕೇಳಿದ್ದೇನೆ. ಚಪ್ಪರದ ತೆಂಗಿನ ಗರಿ ಇನ್ನೂ ಹಸಿರು, ಕಾಲ ಬಳಿ ಚೆಲ್ಲಿದ ಅಕ್ಷತೆ, ಗಂಡಿನ ಕಡೆಯ ವ್ಯಾನಿನ ಎಂಜಿನ್ ಶುರುವಾಗಿದೆ. ಮಡಿಲಕ್ಕಿ ಕಟ್ಟುತ್ತಿದ್ದ ಅಜ್ಜಿಯೊಬ್ಬಳು ಮೈಕಿನ ಹುಡುಗನ ಕಡೆ ತಿರುಗಿ, “ಲೋ ಮಗಾ, ಅದ ತಗದು ಬ್ಯಾರೆ ಹಾಕ್ಲಾ, ಅದು ಸತ್ತೋರ ಪದ ಕಣ್ಲಾ” ಎಂದಳು. ಹುಡುಗ, “ಇಲ್ಲ ಕಣಜ್ಜಿ, ಹೆಣ್ಣು ಕಳ್ಸೋ ಪದವೇ ಇದು” ಎಂದ. ಇಬ್ಬರೂ ಸರಿ.

ಅಶ್ವಥ್ ದನಿ ಈ ಸೀಮೆಗೆ ಇಷ್ಟು ಬೇಗ ಒಗ್ಗಿದ್ದಕ್ಕೆ ಭಕ್ತಿಗಿಂತ ನಾಟಕವೇ ಕಾರಣವೆಂದು ನನಗೆ ಅನಿಸುತ್ತದೆ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಕಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು. ಕಂಪನಿ ಮುಚ್ಚಿದರೂ ಅದರ ಗುಂಗು ಹಳ್ಳಿಗಳನ್ನು ಬಿಡಲಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಯಾವ ಊರಿಗೆ ಹೋದರೂ ಕೊಯ್ಲು ಮುಗಿದ ಮೇಲೆ ಒಂದು ‘ಕುರುಕ್ಷೇತ್ರ’ ಇರಲೇಬೇಕು. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಾಲೀಮು. ದುರ್ಯೋಧನನ ಪಾತ್ರಕ್ಕೆ ಕೈಯಿಂದ ದುಡ್ಡು ಹಾಕಿ, ಹೆಂಡತಿಯ ಬೈಗುಳ ತಿಂದು, ಬಾಡಿಗೆ ಕಿರೀಟ ಹೊತ್ತು ರಂಗಕ್ಕೆ ಇಳಿಯುವ ತೆಂಗಿನ ತೋಟದ ಯಜಮಾನರು. ಮೈಕಿಲ್ಲದ ಕಾಲದಲ್ಲಿ ಹುಟ್ಟಿದ ಆ ಗಾಯನಕ್ಕೆ ಮೇಲು ಸ್ಥಾಯಿಯೇ ಬೇಕು. ಕಟ್ಟಕಡೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತವನಿಗೂ ಕಂದಪದ ಕೇಳಿಸಬೇಕು. ಅಶ್ವಥ್ ಗಂಟಲು ಬಿಚ್ಚಿ ತಾರಕಕ್ಕೆ ಹೋದಾಗ ಕೇಳುಗರಿಗೆ ಅದು ಹೊಸದೆನಿಸಲಿಲ್ಲ. ಸುಗಮ ಸಂಗೀತದ ಮೆಲುದನಿಗೆ ಒಗ್ಗಿದ ನಗರದ ಕೆಲವರು ಇದೇನು ಕಿರುಚಾಟ ಎಂದರು. ನಮ್ಮ ಕಡೆಯವರು ಇದು ಭೀಮನ ಪಾರ್ಟಿನವನ ಗಂಟಲು ಎಂದು ಗುರುತು ಹಿಡಿದರು.

ಸ್ಟುಡಿಯೋ ಎಂಬುದು ಈ ದನಿಗೆ ಏನು ಮಾಡಿತು ಎಂಬುದನ್ನೂ ನೋಡಬೇಕು. ತತ್ವಪದ ನಮ್ಮ ಭಜನೆ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಎಡೆಯೂರು ಸಿದ್ಧಲಿಂಗೇಶ್ವರನ ನೆನಪು ದಟ್ಟವಾಗಿರುವ ನೆಲ ಇದು. ಅಲ್ಲಿ ಒಂದು ಪದಕ್ಕೆ ಹೊತ್ತಿನ ಲೆಕ್ಕವಿಲ್ಲ. ಏಕತಾರಿ ಮೀಟುವವನು ಪಲ್ಲವಿಯನ್ನು ಹತ್ತು ಸಲ ತಿರುಗಿಸುತ್ತಾನೆ, ನಡುವೆ ಕೆಮ್ಮುತ್ತಾನೆ, ಅರ್ಥ ಹೇಳುತ್ತಾನೆ, ಪಕ್ಕದವನ ಮೇಲೆ ರೇಗುತ್ತಾನೆ, ಮತ್ತೆ ಹಿಡಿಯುತ್ತಾನೆ. ಒಂದೊಂದು ಊರಿಗೆ ಒಂದೊಂದು ಮಟ್ಟು. ಕ್ಯಾಸೆಟ್ಟಿಗೆ ಇದು ಒಗ್ಗದು. ಅದರ ಒಂದು ಮಗ್ಗುಲು ಅರ್ಧ ಗಂಟೆಯಷ್ಟೇ, ಅದರಲ್ಲಿ ಐದಾರು ಪದ ಹಿಡಿಸಬೇಕು. ಗಾಜಿನ ಆಚೆ ಕೂತ ಎಂಜಿನಿಯರ್ ಕೈ ಎತ್ತಿದಾಗ ಶುರು, ಕೊಳಲಿನ ತುಣುಕು ಮುಗಿದ ಕಡೆಯೇ ಚರಣ, ಕೆಮ್ಮು ಬಂದರೆ ಮತ್ತೊಂದು ಟೇಕ್. ಎಳನೀರು ಮರದ ಬುಡದಲ್ಲೇ ಕುಡಿಯಬೇಕು, ಊರು ದಾಟಿಸಬೇಕಾದ ಕಾಯಿಯನ್ನು ಅಟ್ಟದಲ್ಲಿ ಒಣಗಿಸಲೇಬೇಕು. ಸ್ಟುಡಿಯೋ ಪದದ ನೀರು ಇಂಗಿಸಿತು. ತಿರುಳು ಗಟ್ಟಿಯಾಯಿತು, ರುಚಿ ಬೇರೆಯಾಯಿತು, ದೂರ ಹೋಗುವ ಶಕ್ತಿ ಬಂತು. ಕೊಬ್ಬರಿಯ ರುಚಿಯನ್ನು ಎಳನೀರಿನ ರುಚಿ ಇಲ್ಲವೆಂದು ಬೈಯುವವನು ತಿಪಟೂರಿನವನಲ್ಲ.

ಆದರೂ ಒಂದು ನಷ್ಟ ಆಗಿಯೇ ಇದೆ, ಅದನ್ನು ಮುಚ್ಚಿಡಬಾರದು. ಊರೂರಿಗೊಂದಿದ್ದ ಮಟ್ಟುಗಳ ಮೇಲೆ ಕ್ಯಾಸೆಟ್ಟಿನ ಮಟ್ಟು ಕೂತುಬಿಟ್ಟಿತು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದು, ಶರೀಫರ ಪಾತ್ರಕ್ಕೆ ಶ್ರೀಧರ್ ಮುಖ ಕೊಟ್ಟರು, ಹಾಡಿಗೆ ಅಶ್ವಥ್ ದನಿ ಮತ್ತೆ ಗಟ್ಟಿಯಾಯಿತು. ಅದಾದ ಮೇಲೆ ಬೇರೆ ಧಾಟಿಯಲ್ಲಿ ಹಾಡಿದ ಮುದುಕನಿಗೆ ಹುಡುಗರು “ಅದಂಗಲ್ಲ ಕಣಜ್ಜ, ರಾಗ ತೆಪ್ಪೋಯ್ತು” ಎಂದು ತಿದ್ದತೊಡಗಿದರು. ಅವನು ಅದನ್ನು ತನ್ನ ಗುರುವಿನಿಂದ ಕಲಿತಿದ್ದ. ಹುಡುಗರು ಟೇಪಿನಿಂದ ಕಲಿತಿದ್ದರು. ಟೇಪು ಪ್ರತಿ ಸಲವೂ ಒಂದೇ ಥರ ಹಾಡುತ್ತದಾದ್ದರಿಂದ ಗೆದ್ದದ್ದು ಅದೇ.

ಇದೇ ಗಾಯಕರ ಇನ್ನೊಂದು ಕ್ಯಾಸೆಟ್ಟಿಗೆ ತಿಪಟೂರಿನಲ್ಲಿ ನೆಂಟಸ್ತನವೇ ಇದೆ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ 1936ರಲ್ಲಿ ಕೈಹಿಡಿದ ವೆಂಕಮ್ಮ ತಿಪಟೂರಿನವರು. ಆರು ವರ್ಷದ ಮೇಲೆ, 1942ರಲ್ಲಿ ‘ಮೈಸೂರ ಮಲ್ಲಿಗೆ’ ಅಚ್ಚಾಯಿತು. ಮಾವನ ಮನೆಗೆ ಹೋಗುವ ಅಳಿಯ, ತವರಿನ ದಾರಿ ನೋಡುವ ಹೆಣ್ಣು, ಪದುಮ, ಶಾನುಭೋಗರ ಮಗಳು, ಬಳೆಗಾರ ಚೆನ್ನಯ್ಯ ಎಲ್ಲರೂ ಆ ಪುಟ್ಟ ಪುಸ್ತಕದಲ್ಲಿ ಬಂದು ಕೂತರು. ಕವಿತೆಯ ಊರನ್ನು ನಕ್ಷೆಯಲ್ಲಿ ಹುಡುಕುವ ಚಪಲ ಒಳ್ಳೆಯದಲ್ಲ, ಬಿಡಿ. ಆದರೂ ತಿಪಟೂರು ಕಡೆಯ ಹೆಂಗಸರಿಗೆ, ಇರುಳು ಹೊತ್ತು ಅಳಿಯ ಬಂದಿಳಿಯುವ ಆ ಮಾವನ ಮನೆ ತಮ್ಮದೇ ಬೀದಿಯದೆಂಬ ಸಲಿಗೆ ಇದ್ದರೆ ತಪ್ಪೇನು? ಅಶ್ವಥ್ ಈ ಕವಿತೆಗಳಿಗೆ ರಾಗ ಹಾಕುವಾಗ ಶರೀಫರ ಬಿರುಸನ್ನು ಪಕ್ಕಕ್ಕಿಟ್ಟರು. ರತ್ನಮಾಲಾ ಪ್ರಕಾಶ್ ದನಿಯಲ್ಲಿ ಆ ಅಳಿಯನ ಹಾಡು ಕೇಳಿದರೆ ನಡುಮನೆಯಲ್ಲಿ ಹಾಸಿದ ಚಾಪೆ, ತಾಮ್ರದ ಚೊಂಬು, ಬಾಗಿಲ ಸಂದಿಯ ನಾದಿನಿಯರು ಕಣ್ಣಿಗೆ ಕಟ್ಟುತ್ತಾರೆ. ಶರೀಫರ ಕ್ಯಾಸೆಟ್ಟು ಜಗಲಿಯದು, ಗಂಡಸರದು. ಇದು ಒಳಮನೆಯದು. ಹೊಲಿಗೆ ಯಂತ್ರದ ಪಕ್ಕ, ಹಪ್ಪಳ ಒಣಗಿಸುವ ಮಧ್ಯಾಹ್ನದಲ್ಲಿ ಓಡಿದ್ದು.

ಜಿಲ್ಲೆಯ ಆ ತುದಿಯ ಮಧುಗಿರಿ ಸೀಮೆಯ ದೊಡ್ಡರಂಗೇಗೌಡರ ‘ಮಾವು ಬೇವು’ ಕೂಡ ಅಶ್ವಥ್ ಸಂಗೀತದ್ದೇ, ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಅದರಲ್ಲಿ ಹೊಲ, ಮರ, ಸುಗ್ಗಿ ಎಲ್ಲ ಇವೆ. ಚೆನ್ನಾಗಿಯೂ ಇದೆ. ಆದರೆ ಹಳ್ಳಿಯನ್ನು ಹೊರಗೆ ನಿಂತು ಪ್ರೀತಿಸುವವರ ಹಾಡು ಅದು ಎಂದು ನನಗೆ ಯಾವಾಗಲೂ ಅನಿಸಿದೆ.

ಹಾಗಾದರೆ ತೆಂಗಿನ ನಾಡಿನ ಸ್ವಂತ ಹಾಡೆಲ್ಲಿ? ಚಿಕ್ಕನಾಯಕನಹಳ್ಳಿ ದಾಟಿ ಹುಳಿಯಾರಿನ ಕಡೆ ನಡೆದರೆ ತೆಂಗು ತೆಳ್ಳಗಾಗಿ, ಗುಡ್ಡ ಎದ್ದು, ಕಾಡುಗೊಲ್ಲರ ಹಟ್ಟಿಗಳು ಸಿಗುತ್ತವೆ. ಅಲ್ಲಿಂದ ಶಿರಾ, ಚಿತ್ರದುರ್ಗದವರೆಗೆ ಹಬ್ಬಿರುವುದು ಜುಂಜಪ್ಪನ ಕಾವ್ಯ. ದನ ಕಾಯ್ದ ವೀರ, ಅಣ್ಣತಮ್ಮಂದಿರ ಹಗೆ, ಹುಲ್ಲು ನೀರಿಗಾಗಿ ಅಲೆದಾಟ. ಅದಕ್ಕೆ ಜೊತೆ ಗಣೆ, ಮಾಮೂಲಿ ಕೊಳಲಿಗಿಂತ ಬಲು ಉದ್ದದ ಬಿದಿರ ವಾದ್ಯ. ಅದನ್ನು ಊದುವುದಕ್ಕೆ ಎದೆ ಬೇಕು. ದನಿ ಸಪೂರವಾಗಿ ಬರುವುದಿಲ್ಲ, ಉಸಿರಿನ ಜೊತೆ ಒರಟಾಗಿ, ಅಡವಿಯ ಗಾಳಿ ಬಂದಂತೆ ಬರುತ್ತದೆ. ರಾತ್ರಿಯಿಡೀ ನಡೆಯುವ ಆ ಕಥೆಯನ್ನು ಅರ್ಧ ಗಂಟೆಯ ಮಗ್ಗುಲಿಗೆ ಹೇಗೆ ಕತ್ತರಿಸುವುದು? ತಿಪಟೂರಿನ ಪಕ್ಕದ ಕೋನೇಹಳ್ಳಿಯಂಥ ಊರುಗಳ ಮೂಡಲಪಾಯ ಯಕ್ಷಗಾನಕ್ಕೂ ಇದೇ ತೊಡಕು. ಮುಖವೀಣೆಯ ಚೀರು, ಭಾಗವತನ ಏರುದನಿ, ವೇಷದ ಅಬ್ಬರ ಮೂರೂ ಸೇರಿದರೆ ಸ್ಟುಡಿಯೋದ ಸೂಜಿ ಕೆಂಪಿಗೆ ಹೋಗುತ್ತದೆ. ಜೀ.ಶಂ. ಪರಮಶಿವಯ್ಯನವರು ಮೂಡಲಪಾಯದ ಬೆನ್ನು ಹತ್ತಿ ಅದಕ್ಕೆ ವಿದ್ವತ್ತಿನ ಲೋಕದಲ್ಲಿ ಒಂದು ಮಣೆ ಹಾಕಿಸಿದರು. ಅಂಗಡಿಯ ಕ್ಯಾಸೆಟ್ಟಿನ ಸಾಲಿನಲ್ಲಿ ಮಾತ್ರ ಅದು ಕೂರಲಿಲ್ಲ. ಊರಮ್ಮನ ಜಾತ್ರೆಯಲ್ಲಿ ಕೆಂಪು, ಹಳದಿ ಮೋರೆ ಹೊತ್ತು ಬರುವ ಸೋಮನ ಕುಣಿತದ ಅರೆವಾದ್ಯದ ಪೆಟ್ಟು ಹೊಟ್ಟೆಯೊಳಗೆ ಕೇಳಿಸುವಂಥದು. ಕಿವಿಯಷ್ಟಕ್ಕೇ ಅದನ್ನು ಮಾರುವುದು ಕಷ್ಟ.

ಹೆಂಗಸರ ಸೋಬಾನೆ ಪದಗಳ ಗತಿ ಇನ್ನೊಂದು. ಚಳ್ಳಕೆರೆ ಸೀಮೆಯ ಸಿರಿಯಜ್ಜಿ, ಓದುಬರಹ ಬಾರದ ಗೊಲ್ಲರ ಹಟ್ಟಿಯ ಹೆಣ್ಣುಮಗಳು, ಸಾವಿರಾರು ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದಳು. ಕೃಷ್ಣಮೂರ್ತಿ ಹನೂರರು ಅವಳಿಂದ ಕೇಳಿ ಬರೆದುಕೊಂಡರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ನಮ್ಮ ಮೂರು ತಾಲ್ಲೂಕಿನಲ್ಲಿ ಅಂಥ ಅಜ್ಜಿಯರು ಇರಲಿಲ್ಲವೆಂದಲ್ಲ. ಎಚ್.ಎಲ್. ನಾಗೇಗೌಡರು ಟೇಪ್ ರೆಕಾರ್ಡರ್ ಹಿಡಿದು ಹಳ್ಳಿ ಸುತ್ತಿ, ಆಮೇಲೆ ರಾಮನಗರದಲ್ಲಿ ಜಾನಪದ ಲೋಕ ಕಟ್ಟಿದರು. ಅವರ ಕೈಗೆ ಸಿಕ್ಕವರು ಉಳಿದರು. ಸಿಗದವರ ಹಾಡು ರಾಗಿ ಕಲ್ಲಿನ ಜೊತೆ ನಿಂತಿತು. ಹಿಟ್ಟಿನ ಗಿರಣಿ ಬಂದ ದಿನ ಬೀಸುವ ಪದಕ್ಕೆ ಕೆಲಸ ಹೋಯಿತು. ಕೊಬ್ಬರಿ ಮಂಡಿಯ ಹಿಂದೆ ಚಿಪ್ಪು ಒಡೆಯುವ ಹೆಂಗಸರು ಇನ್ನೂ ಸಾಲಾಗಿ ಕೂತಿರುತ್ತಾರೆ. ಗಿಟುಕಿಗೆ ಗೀರು ಬೀಳದಂತೆ ಒಂದೇ ಅಳತೆಯ ಪೆಟ್ಟು, ಟಕ್, ಟಕ್. ಆ ಪೆಟ್ಟಿಗೆ ಸರಿಯಾಗಿ ಹಾಡಬಹುದಿತ್ತು. ಈಗ ಕಿಟಕಿಯ ಮೇಲಿನ ಮೊಬೈಲು ಹಾಡುತ್ತದೆ, ಅವರು ಕೇಳುತ್ತಾರೆ.

ಅಶ್ವಥ್ 2009ರ ಡಿಸೆಂಬರ್ 29ರಂದು, ಎಪ್ಪತ್ತು ತುಂಬಿದ ದಿನವೇ ತೀರಿಕೊಂಡರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ ‘ಕ‌ನ್ನಡವೇ ಸತ್ಯ’ಕ್ಕೆ ಸೇರಿದ ಜನಸಾಗರವನ್ನು ಜನ ಇನ್ನೂ ಮಾತಾಡಿಕೊಳ್ಳುತ್ತಾರೆ. ಅವರ ನಂತರದ ತಲೆಮಾರಿನ ರಘು ದೀಕ್ಷಿತ್ ಗಿಟಾರ್ ಹಿಡಿದು ಅದೇ ಗುಡುಗುಡಿಯ ಪದವನ್ನು ಹೊರದೇಶದ ವೇದಿಕೆಗೂ ಒಯ್ದರು. ತೋಟದ ಹುಡುಗರ ಬೈಕಿನ ಸ್ಪೀಕರಿನಲ್ಲಿ ಈಗ ಎರಡೂ ಇವೆ.

ಭಜನೆ ಮನೆಗಳಲ್ಲಿ ಮಾತ್ರ ಮಾತು ಬೇರೆ. ತುರುವೇಕೆರೆಯ ಕಡೆಯ ಒಂದು ಹಳ್ಳಿಯಲ್ಲಿ ಸೋಮವಾರ ರಾತ್ರಿ ಊಟವಾದ ಮೇಲೆ ಜನ ಸೇರುತ್ತಾರೆ. ಸಿಮೆಂಟು ನೆಲ, ಗೋಡೆಯ ಮೇಲೆ ಸಿದ್ಧಲಿಂಗೇಶ್ವರನ ಪಟ, ಮೂಲೆಯಲ್ಲಿ ಯಾರದೋ ತೋಟದ ಸ್ಪ್ರೇಯರು. ಹಾರ್ಮೋನಿಯಂ ಮೇಷ್ಟ್ರಿಗೆ ಎಪ್ಪತ್ತು ದಾಟಿದೆ. ಬೋರು ಬತ್ತಿದ್ದು, ಮರಕ್ಕೆ ಹುಳ ಬಿದ್ದದ್ದು, ಕೊಬ್ಬರಿ ರೇಟು ಎಲ್ಲ ಒಂದು ಸುತ್ತು ಮಾತಾದ ಮೇಲೆ ಅವರು ಬಾತೆ ಎಳೆಯುತ್ತಾರೆ. ಡಿಪ್ಲೊಮಾ ಓದುವ ಹುಡುಗನೊಬ್ಬ ಮೊಬೈಲಿನಲ್ಲಿ ಟ್ರ್ಯಾಕ್ ಕೇಳಿಕೊಂಡು ಬಂದು, ಮಾಳಿಗೆಯ ಪದವನ್ನು ಅಶ್ವಥ್ ಏರಿದಷ್ಟೇ ಎತ್ತರದಲ್ಲಿ ಎತ್ತಿದ. ಎರಡನೇ ಚರಣಕ್ಕೆ ಗಂಟಲು ಸೀಳಿತು. ಮೇಷ್ಟ್ರು ಕೈ ನಿಲ್ಲಿಸಲಿಲ್ಲ. ಒಂದೂವರೆ ಮನೆ ಕೆಳಗಿಳಿಸಿ ನುಡಿಸುತ್ತ, “ಅವರ ಸುರುತಿಗೆ ಹೋಗ್ಬ್ಯಾಡ ಕಣಪ್ಪ, ನಿಂದು ನೀನ್ ಹುಡುಕ್ಕಾ. ನಮ್ಮಪ್ಪ ಇದ ಬ್ಯಾರೆ ಮಟ್ಟಲ್ಲಿ ಅಂತಿದ್ರು, ತಡಿ” ಎಂದು ಕಣ್ಣು ಮುಚ್ಚಿ ತಡಕಾಡಿದರು. ಪಲ್ಲವಿ ಸಿಕ್ಕಿತು. ಮುಂದಿನದು ಬಾಯಿಗೆ ಬರಲಿಲ್ಲ. ಹುಡುಗ ಚರಣವನ್ನು ಕ್ಯಾಸೆಟ್ಟಿನ ಮಟ್ಟಿನಲ್ಲೇ ಹಾಡಿ, ಪಲ್ಲವಿಗೆ ಮೇಷ್ಟ್ರ ಅಪ್ಪನ ಮಟ್ಟಿಗೆ ಬಂದ. ತಾಳದವನು ಎರಡು ಸಲ ತಪ್ಪಿ ಮೂರನೇ ಸಲಕ್ಕೆ ಸೇರಿಕೊಂಡ. ಯಾರೋ ಕಾಫಿಗೆ ಹಾಲು ಸಾಲದು ಎಂದರು, ಯಾರೋ ಮನೆಗೆ ಹೋಗಿ ತಂದರು, ಪದ ಇನ್ನೂ ನಡೆದೇ ಇತ್ತು.